ಮೊದಲನೇ ಮಗು 2.6 ಕೆಜಿ, ಎರಡನೇದು 3.5 ಕೆಜಿ: ಒಂದೇ ಅಪ್ಪ ಅಮ್ಮನ ಮಕ್ಕಳಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ?

ಎರಡುಜಡೆ
ಎಲ್ರಿಗೂ ನಮಸ್ಕಾರ, ತುಂಬಾ ದಿನದಿಂದ ತಲೆ ತಿಂತಿರೋ ವಿಷಯ ಇದು. ನನ್ನ ಮೊದಲನೇ ಮಗಳು ಹುಟ್ಟಿದಾಗ 2.6 ಕೆಜಿ ಇದ್ಲು, ಈಗ ಎರಡನೇದು ಗಂಡು, 3.5 ಕೆಜಿ. ಹೆಚ್ಚುಕಮ್ಮಿ ಒಂದು ಕೆಜಿ ವ್ಯತ್ಯಾಸ. ಅದೇ ಅಪ್ಪ, ಅದೇ ಅಮ್ಮ, ಅದೇ ಮನೆ, ಊಟಾನೂ ಅದೇ. ನಿಜ ಹೇಳ್ಬೇಕಂದ್ರೆ ಎರಡನೇ ಸಲ ನಾನು ಹೊತ್ತಿಗೆ ಸರಿಯಾಗಿ ಕೂತು ತಿಂದಿದ್ದೇ ಕಮ್ಮಿ, ದೊಡ್ಡವಳ ಹಿಂದೆ ಓಡೋದ್ರಲ್ಲೇ ದಿನ ಮುಗೀತಿತ್ತು. ಆದ್ರೂ ಮಗು ನೋಡೋಕೆ ಬಂದೋರೆಲ್ಲ "ಈ ಸಲ ಚೆನ್ನಾಗಿ ತಿಂದಿದೀಯ, ಮೊದಲನೇ ಸಲ ಡಯಟ್ ಗಿಯಟ್ ಅಂತ ಮಗೂನ ಒಣಗಿಸಿದ್ದೆ" ಅಂತಾರೆ. ಡಯಟ್ ಮಾಡೇ ಇಲ್ಲ ನಾನು. ಕೇಳಿ ಕೇಳಿ ಸಾಕಾಗಿದೆ, ದೊಡ್ಡವಳಿಗೂ ಈಗ ಮಾತು ಅರ್ಥ ಆಗುತ್ತೆ. ನಿಜವಾದ ಕಾರಣ ಏನು? ಗೊತ್ತಿರೋರು ಹೇಳಿ, ನಿಮ್ಮನೆ ಮಕ್ಕಳದ್ದೂ ಹೇಳಿ.

ಮುಂಗಾರು
ನಮ್ಮನೇಲೂ ಸೇಮ್. ಮೊದಲನೇದು 2.8, ಎರಡನೇದು 3.2. ಎಲ್ಲರ ಮನೇಲೂ ಎರಡನೇದೇ ದಪ್ಪ ಅನ್ಸುತ್ತೆ.

ನೈಟ್‌ಡ್ಯೂಟಿ
ಹೆರಿಗೆ ವಾರ್ಡ್ ನರ್ಸ್ ನಾನು. ಮೊದಲು ಒಂದು ಪ್ರಶ್ನೆ, ಎಷ್ಟನೇ ವಾರಕ್ಕೆ ಹೆರಿಗೆ ಆಯ್ತು, ಎರಡೂ ಸಲ? ಅದನ್ನ ಹೇಳದೆ ಬರೀ ತೂಕ ಹೇಳಿದ್ರೆ ಯಾರೂ ಏನೂ ಹೇಳೋಕಾಗಲ್ಲ.

ಎರಡುಜಡೆ
ಮೊದಲನೇದು 37 ವಾರ, ಎರಡನೇದು 40. ಮೊದಲನೇ ಸಲ ಕೊನೇಲಿ ಬಿಪಿ ಜಾಸ್ತಿ ಆಗಿ, ಇನ್ನು ಕಾಯೋದು ಬೇಡ ಅಂತ ನೋವು ಬರ್ಸಿ ಹೆರಿಗೆ ಮಾಡ್ಸಿದ್ರು.

ನೈಟ್‌ಡ್ಯೂಟಿ
ನೋಡಿ, ಅರ್ಧ ಉತ್ತರ ಇಲ್ಲೇ ಇದೆ. ಕೊನೇ ತಿಂಗಳುಗಳಲ್ಲಿ ಮಗು ವಾರಕ್ಕೆ ಸುಮಾರು 200 ಗ್ರಾಂ ಹಾಕುತ್ತೆ. ಮೂರು ವಾರ ಮುಂಚೆ ಬಂದ್ರೆ 600 ಗ್ರಾಂ ಹತ್ರ ಹತ್ರ ಅಲ್ಲೇ ಹೋಯ್ತು. ಗಂಡು ಮಕ್ಕಳು ಹೆಣ್ಣು ಮಕ್ಕಳಿಗಿಂತ ಸರಾಸರಿ 100ರಿಂದ 150 ಗ್ರಾಂ ಜಾಸ್ತಿ ಇರ್ತವೆ. ಎರಡನೇ ಮಗು ಮೊದಲನೇದಕ್ಕಿಂತ ಸರಾಸರಿ 100 ಗ್ರಾಂ ಅಥವಾ ಇನ್ನೂ ಸ್ವಲ್ಪ ಮೇಲೆ. ಇಷ್ಟಕ್ಕೇ 800, 850 ಗ್ರಾಂ ಆಗೋಯ್ತು, ಊಟದ ಮಾತು ಇನ್ನೂ ಬಂದೇ ಇಲ್ಲ.

ಇನ್ನೊಂದು, 37 ವಾರದ ಹೆಣ್ಣು ಮಗು 2.6 ಕೆಜಿ ಅಂದ್ರೆ ಅದು ಕಮ್ಮಿ ತೂಕದ ಮಗುನೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2.5 ಕೆಜಿಗಿಂತ ಕೆಳಗಿದ್ರೆ ಮಾತ್ರ ಲೋ ಬರ್ತ್ ವೆಯ್ಟ್. ಆ ವಾರದ ಚಾರ್ಟ್ ಇಟ್ಟು ನೋಡಿದ್ರೂ ಅವಳು ನಾರ್ಮಲ್ ಒಳಗೇ ಇದ್ದಾಳೆ. ಒಣಗಿಸಿದ್ದೆ ಅನ್ನೋರಿಗೆ ಇದನ್ನ ಹೇಳಿ.

ಎರಡುಜಡೆ
ಅಯ್ಯೋ ಇಷ್ಟು ದಿನ ಇದನ್ನ ಯಾರೂ ಹೇಳೇ ಇರ್ಲಿಲ್ಲ. ಇದನ್ನ ನಮ್ಮನೆಯವರಿಗೆ ಈಗ್ಲೇ ಓದಿ ಹೇಳ್ತೀನಿ.

ಲೆಕ್ಕದಮೇಷ್ಟ್ರು
ಸರಾಸರಿಗಳನ್ನ ಹಂಗೆ ಒಂದರ ಮೇಲೊಂದು ಕೂಡಿಸೋಕೆ ಬರಲ್ಲ ಮೇಡಂ. 200, 150, 100 ಇವೆಲ್ಲ ಸಾವಿರಾರು ಮಕ್ಕಳನ್ನ ನೋಡಿ ತೆಗೆದ ಅಂಕಿ, ಒಂದು ಮನೆಯ ಎರಡು ಮಕ್ಕಳಿಗೆ ಅಷ್ಟಷ್ಟೇ ಹೊಂದುತ್ತೆ ಅಂತ ಏನಿಲ್ಲ. ಮೊದಲನೇದು ಗಂಡಾಗಿ ದಪ್ಪ, ಎರಡನೇದೂ ಗಂಡಾಗಿ ಸಣ್ಣ ಇರೋ ಮನೆಗಳೂ ಬೇಕಾದಷ್ಟಿವೆ.

ನೈಟ್‌ಡ್ಯೂಟಿ
ನಾನು ಪೈಸೆ ಪೈಸೆ ಲೆಕ್ಕ ಕೊಟ್ಟಿಲ್ಲ, ಯಾವುದು ದೊಡ್ಡ ಕಾರಣ ಯಾವುದು ಚಿಕ್ಕದು ಅಂತ ಹೇಳಿದ್ದು. ವಾರ ಅನ್ನೋದೇ ಎಲ್ಲಕ್ಕಿಂತ ದೊಡ್ಡದು, ಅದರಲ್ಲಿ ಯಾರಿಗೂ ತಕರಾರಿಲ್ಲ.

ಬೆಳ್ಳಕ್ಕಿ
ಎರಡನೇ ಮಗು ಯಾಕೆ ದಪ್ಪ ಆಗುತ್ತೆ ಅದನ್ನ ಹೇಳಿ ಯಾರಾದ್ರೂ. ಹೊಟ್ಟೆ ಮೊದಲೇ ಹಿಗ್ಗಿರುತ್ತೆ ಜಾಗ ಜಾಸ್ತಿ ಇರುತ್ತೆ ಅಂತ ನಮ್ಮಮ್ಮ ಹೇಳ್ತಿದ್ರು.

ಕುತೂಹಲಿ
ಜಾಗದ ವಿಷಯ ಅಲ್ಲ ಅದು, ರಕ್ತದ ವಿಷಯ. ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುರುಳಿಯಾಗಿರೋ ಸಣ್ಣ ರಕ್ತನಾಳ ಇರ್ತವೆ, ಮೊದಲನೇ ಬಸಿರಲ್ಲಿ ಪ್ಲಾಸೆಂಟಾದ (ತಾಯಿಯಿಂದ ಮಗೂಗೆ ಪೋಷಣೆ ತಲುಪಿಸೋ ಮಾಸು) ಜೀವಕೋಶಗಳು ಒಳಗೆ ನುಗ್ಗಿ ಆ ನಾಳಗಳನ್ನ ಅಗಲ ಮಾಡ್ತವೆ, ರಕ್ತ ಧಾರಾಳವಾಗಿ ಹರೀಲಿ ಅಂತ. ಹೆರಿಗೆ ಆದ್ಮೇಲೂ ಅವು ಪೂರ್ತಿ ಹಳೇ ಸ್ಥಿತಿಗೆ ಬರಲ್ಲ, ಹಂಗಾಗಿ ಎರಡನೇ ಸಲ ಪ್ಲಾಸೆಂಟಾಗೆ ಕೆಲಸ ಸುಲಭ ಅಂತ ವಿವರಣೆ ಕೊಡ್ತಾರೆ. ಬಸಿರಲ್ಲಿ ಬಿಪಿ ಏರೋ ಪ್ರಿಎಕ್ಲಾಂಪ್ಸಿಯಾ ಮೊದಲನೇ ಸಲವೇ ಜಾಸ್ತಿ ಕಾಣಿಸ್ಕೊಳ್ಳೋದಕ್ಕೂ ಇದಕ್ಕೂ ಸಂಬಂಧ ಇದೆ, ಅಲ್ಲಿ ಈ ನಾಳಗಳು ಸರಿಯಾಗಿ ಅಗಲ ಆಗಿರೋದೇ ಇಲ್ಲ.

ಬೆಳ್ಳಕ್ಕಿ
ಹಂಗಾದ್ರೆ ಎರಡುಜಡೆ ಅವರ ಮೊದಲನೇ ಮಗು ಬರೀ ವಾರ ಕಮ್ಮಿ ಆಗಿದ್ದಕ್ಕೆ ಸಣ್ಣ ಅಲ್ಲ, ಬಿಪಿಯಿಂದಾನೂ ಇರ್ಬಹುದಲ್ವಾ?

ಕುತೂಹಲಿ
ಇರ್ಬಹುದು. ಎರಡನ್ನೂ ಪೂರ್ತಿ ಬಿಡಿಸಿ ನೋಡೋಕಾಗಲ್ಲ, ಯಾಕಂದ್ರೆ ಬೇಗ ಹೆರಿಗೆ ಮಾಡ್ಸಿದ್ದೂ ಬಿಪಿಗೇ. ಆದ್ರೆ ಯಾವ ಕಡೆಯಿಂದ ನೋಡಿದ್ರೂ ಅಮ್ಮನ ತಟ್ಟೆ ಅಲ್ಲಿಗೆ ಬರಲ್ಲ.

ಸಂಜೆಗಾಳಿ
ಎಲ್ಲಾದಕ್ಕೂ ವಿಜ್ಞಾನ ಅಂತೀರ, ಊಟಕ್ಕೆ ಬೆಲೆನೇ ಇಲ್ವಾ ಹಂಗಾದ್ರೆ? ಇಬ್ಬರಿಗೆ ಆಗೋಷ್ಟು ತಿನ್ಬೇಕು ಅಂತ ಹಿರಿಯರು ಸುಮ್ನೆ ಹೇಳಿದ್ರಾ? ನಾನು ಎರಡೂ ಸಲ ಚೆನ್ನಾಗಿ ತಿಂದೆ, ಎರಡೂ 3 ಕೆಜಿ ಮೇಲೇ ಹುಟ್ಟಿದ್ದು.

ಅವಳಿಅಮ್ಮ
ಸಂಜೆಗಾಳಿ ಅವರೇ, ನನ್ನ ಅವಳಿ ಮಕ್ಕಳಲ್ಲಿ ಒಬ್ಬಳು 2.4, ಇನ್ನೊಬ್ಬಳು 1.8. ಒಂದೇ ದಿನ, ಒಂದೇ ಹೊಟ್ಟೆ, ನಾನು ತಿಂದ ಪ್ರತಿ ತುತ್ತೂ ಇಬ್ಬರಿಗೂ ಒಂದೇ. ಈಗ ಹೇಳಿ ಯಾರಿಗೆ ಕಮ್ಮಿ ಬಡಿಸಿದೆ ನಾನು?

ಸಂಜೆಗಾಳಿ
ಅವಳಿ ಲೆಕ್ಕ ಬೇರೆ. ನಿಮ್ಮನ್ನ ಯಾರೂ ಏನೂ ಅನ್ನಲಿಲ್ಲ.

ಅವಳಿಅಮ್ಮ
ಬೇರೆ ಅಲ್ಲ, ಅದೇ ಲೆಕ್ಕ ಇನ್ನೂ ಸ್ಪಷ್ಟವಾಗಿ ಕಾಣುತ್ತೆ ಅಷ್ಟೆ. ನಮ್ಮವರು ಒಂದೇ ಥರದ ಅವಳಿ, ಅಂದ್ರೆ ವಂಶವಾಹಿನೂ ಒಂದೇ. ಇಬ್ಬರಿಗೂ ಸೇರಿ ಒಂದೇ ಪ್ಲಾಸೆಂಟಾ ಇತ್ತು, ಅದರಲ್ಲಿ ದೊಡ್ಡ ಪಾಲು ಒಬ್ಬಳಿಗೆ ಸಿಕ್ಕಿತ್ತು. ಹೆರಿಗೆ ಆದ್ಮೇಲೆ ಡಾಕ್ಟರ್ ಅದನ್ನ ತಟ್ಟೆಯಲ್ಲಿಟ್ಟು ತೋರ್ಸಿದ್ರು. ಒಂದು ಹೊಕ್ಕುಳಬಳ್ಳಿ ನಡುಭಾಗದಲ್ಲಿ ಗಟ್ಟಿಯಾಗಿ ಕೂತಿತ್ತು, ಇನ್ನೊಂದು ಅಂಚಿನಾಚೆ ಬರೀ ಪೊರೆಗೆ ಅಂಟ್ಕೊಂಡಿತ್ತು, ಅಲ್ಲಿಂದ ಕಪ್ಪು ಕಪ್ಪು ರಕ್ತನಾಳ ಪೊರೆ ಮೇಲೆ ಹರಡ್ಕೊಂಡು ಹೋಗಿದ್ವು. ಸಣ್ಣವಳದ್ದು ಆ ಪೊರೆಯ ಬಳ್ಳಿ. ಅದನ್ನ ಕಣ್ಣಾರೆ ನೋಡಿದ್ಮೇಲೆ ತಿಂದಿಲ್ಲ ಅನ್ನೋ ಮಾತು ನನ್ನ ಕಿವಿಗೇ ಹೋಗಲ್ಲ.

ನೈಟ್‌ಡ್ಯೂಟಿ
ನಿಮ್ಮ ಲೆಕ್ಕದಲ್ಲಿ ದೊಡ್ಡವಳಿಗಿಂತ ಸಣ್ಣವಳು 25% ಕಮ್ಮಿ. 20, 25 ಶೇಕಡಾ ದಾಟಿದ್ರೆ ಅವಳಿಗಳಲ್ಲಿ ಅದನ್ನ ಗಂಭೀರವಾಗಿ ತಗೋತಾರೆ, ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡ್ತಾರೆ. ಇಬ್ಬರೂ ಹುಷಾರಾಗಿ ಬಂದ್ರಲ್ಲ, ಅದೇ ಖುಷಿ.

ಹೊಂಗೆನೆರಳು
ಊಟದ ಬಗ್ಗೆ ಒಂದು ದೊಡ್ಡ ಉದಾಹರಣೆ ಇದೆ. ಎರಡನೇ ಮಹಾಯುದ್ಧದ ಕೊನೇಲಿ, 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ನಿಂತುಹೋಗಿ ಭಯಂಕರ ಕ್ಷಾಮ ಬಂತು. ರೇಷನ್ ದಿನಕ್ಕೆ 1000 ಕ್ಯಾಲೊರಿಗೂ ಕೆಳಗೆ ಇಳೀತು. ಆಗ ಬಸಿರಿನ ಕೊನೇ ಮೂರು ತಿಂಗಳಲ್ಲಿದ್ದ ಹೆಂಗಸರ ಮಕ್ಕಳ ತೂಕ ಸರಾಸರಿ ಕಮ್ಮಿ ಆಗಿದ್ದು ಎಷ್ಟು ಗೊತ್ತಾ, ಸುಮಾರು 300 ಗ್ರಾಂ. ಶುರುವಲ್ಲಿ ಹಸಿವು ಕಂಡು ಕೊನೇಲಿ ಊಟ ಸಿಕ್ಕ ತಾಯಂದಿರ ಮಕ್ಕಳ ತೂಕ ಹೆಚ್ಚುಕಮ್ಮಿ ಮಾಮೂಲಿನಷ್ಟೇ ಇತ್ತು. ಅಂಥಾ ಕ್ಷಾಮದಲ್ಲೇ 300 ಗ್ರಾಂ ಅಂದ್ರೆ, ಮನೇಲಿ ಎರಡು ಹೊತ್ತು ಅರೆಬರೆ ತಿಂದ್ರೆ 900 ಗ್ರಾಂ ಹೋಗುತ್ತೆ ಅನ್ನೋದು ಯಾವ ಲೆಕ್ಕಕ್ಕೂ ಸಿಗಲ್ಲ. ತಾಯಿ ದೇಹ ತನ್ನನ್ನ ತಾನು ಕರಗಿಸ್ಕೊಂಡು ಮಗೂಗೆ ಕೊಡುತ್ತೆ.

ಲೆಕ್ಕದಮೇಷ್ಟ್ರು
ಇದನ್ನ ಹಿಡ್ಕೊಂಡು ಊಟ ಮುಖ್ಯ ಅಲ್ಲ ಅಂತ ಮಾತ್ರ ತೀರ್ಮಾನ ಮಾಡ್ಬೇಡಿ. ಆ ಹೆಂಗಸರು ಅದಕ್ಕೂ ಮುಂಚೆ ವರ್ಷಗಟ್ಟಲೆ ಚೆನ್ನಾಗಿ ಉಂಡಿದ್ದವರು. ಬಸಿರಾಗೋ ಮುಂಚೆಯೇ ತಾಯಿ ತೀರಾ ಸಣಕಲು ಇದ್ರೆ, ರಕ್ತಹೀನತೆ ಇದ್ರೆ, ಹದಿಹರೆಯದಲ್ಲೇ ಬಸಿರಾದ್ರೆ ಕಥೆ ಬೇರೆ, ಅಲ್ಲಿ ಮಗು ತೂಕ ನಿಜವಾಗ್ಲೂ ಬೀಳುತ್ತೆ. ಒಂಬತ್ತು ತಿಂಗಳ ಊಟಕ್ಕಿಂತ ಅದಕ್ಕೂ ಹಿಂದಿನ ವರ್ಷಗಳ ಊಟ ಜಾಸ್ತಿ ಮಾತಾಡುತ್ತೆ. ಹುಡುಗಿ ಬೆಳೆಯೋ ವಯಸ್ಸಲ್ಲಿ ಅವಳ ತಟ್ಟೆ ನೋಡದೇ ಇದ್ದೋರು ಬಸಿರಾದ್ಮೇಲೆ ಬಂದು ತಿನ್ನು ತಿನ್ನು ಅಂದ್ರೆ ಏನು ಬಂತು?

ಸಂಜೆಗಾಳಿ
ಈ ಮಾತು ಒಪ್ಪಿದೆ.

ದೂರದಬೆಟ್ಟ
ನಮ್ಮ ಅಕ್ಕಂದು ಉಲ್ಟಾ ಐತ್ರಿ. ಮೊದಲನೇದು 3.1, ಎರಡನೇದು 2.3. ಮೊದಲನೇದಕ್ಕ ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟರಾಗ ಮತ್ತ ನಿಂತಿತ್ತು. ಎದಿಹಾಲು ಕುಡಸ್ಕೋತನ ಬಸರಿ, ರಕ್ತ ಭಾಳ ಕಮ್ಮಿ ಇತ್ತಂತ. ಡಾಕ್ಟರ್ ಬೈದ್ರು, ಆದ್ರ ಬೈದಿದ್ದು ಅಕ್ಕಗ, ಭಾವನ ಒಂದ ಮಾತು ಕೇಳಲಿಲ್ಲ. ಅದು ನಂಗ ಇವತ್ತಿಗೂ ಸಿಟ್ಟು.

ನೈಟ್‌ಡ್ಯೂಟಿ
ಸಿಟ್ಟು ಬರೋದು ನ್ಯಾಯವೇ. ಗ್ಯಾಪ್ ದೊಡ್ಡ ವಿಷಯ. ಒಂದು ಹೆರಿಗೆ ಆದ್ಮೇಲೆ ಕನಿಷ್ಠ 24 ತಿಂಗಳು ಬಿಟ್ಟು ಮುಂದಿನ ಬಸಿರಿಗೆ ಪ್ರಯತ್ನ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕಬ್ಬಿಣ, ಫೋಲೇಟ್ ಎಲ್ಲ ಖಾಲಿ ಆಗಿರುತ್ತೆ, ಮತ್ತೆ ತುಂಬ್ಕೊಳ್ಳೋಕೆ ಟೈಮ್ ಬೇಕು. ಇದು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳ್ಬೇಕಾದ ಮಾತು.

ಇಲ್ಲಿ ಇನ್ನೊಂದು ಗಮನಿಸಿ. ಸಾಮಾನ್ಯವಾಗಿ ಎರಡನೇದು ಸ್ವಲ್ಪ ದಪ್ಪ ಇರ್ಬೇಕು. ಅದು ಮೊದಲನೇದಕ್ಕಿಂತ ತುಂಬಾನೇ ಕೆಳಗೆ ಬಂದ್ರೆ, 2.5 ದಾಟಿದೆಯಲ್ಲ ಅಂತ ಸುಮ್ನಿರಬಾರದು. 3.6 ಕೆಜಿ ಮಗು ಹೆತ್ತ ತಾಯಿಗೆ ಮುಂದಿನ ಸಲ ಅದೇ ವಾರಕ್ಕೆ 2.6 ಬಂದ್ರೆ ನಾನು ಆ ಮಗೂನ ಇನ್ನೊಂದು ಸಲ ನೋಡ್ತೀನಿ. ತೊಡೆ ಚರ್ಮ ಸಡಿಲವಾಗಿ ಮಡಿಕೆ ಮಡಿಕೆ ಇದೆಯಾ, ತಲೆ ಸರಿಯಾಗಿದ್ದು ಮೈ ಮಾತ್ರ ಸೊರಗಿದೆಯಾ ಅಂತ. ಪ್ಲಾಸೆಂಟಾ ಸರಿಯಾಗಿ ಕೊಡದಿದ್ದಾಗ ಮಗು ಮೊದಲು ಮಿದುಳಿಗೆ ರಕ್ತ ಕಳ್ಸುತ್ತೆ, ಮೈಯಿಗೆ ಆಮೇಲೆ.

ಮುಂಗಾರು
ಹಂಗಾದ್ರೆ ತುಂಬಾ ದಪ್ಪ ಹುಟ್ಟಿದ್ರೆ ಒಳ್ಳೇದೇ ತಾನೇ? ನಮ್ಮ ಚಿಕ್ಕಮ್ಮನ ಎರಡನೇ ಮಗು 4.3, ವಾರ್ಡ್ ತುಂಬಾ ಎಲ್ರೂ ಎತ್ಕೊಂಡು ಮುದ್ದಾಡಿದ್ರು.

ಸಿಹಿಬೇಡ
ಒಳ್ಳೇದೇ ಅಂತಲ್ಲ, ನನ್ನ ಅನುಭವ ಕೇಳಿ. ಎರಡನೇ ಸಲ ನಂಗೆ ಬಸಿರಿನ ಶುಗರ್ ಬಂತು, ಕಂಡುಹಿಡಿದಿದ್ದೇ ತಡವಾಗಿ. ಮಗು 4.2. ಭುಜ ಸಿಕ್ಕಿಹಾಕ್ಕೊಂಡಿತು, ಆ ಒಂದೆರಡು ನಿಮಿಷ ಕೋಣೇಲಿ ಇದ್ದೋರ ಧ್ವನಿನೇ ಬದಲಾಯ್ತು. ಕೆನ್ನೆ ಗುಂಡಗೆ, ಭುಜ ಬೆನ್ನೆಲ್ಲ ಕೊಬ್ಬು, ನೋಡೋಕೆ ಮುದ್ದಾಗಿದ್ದ. ಆದ್ರೆ ಹುಟ್ಟಿದ ಸ್ವಲ್ಪ ಹೊತ್ತಿಗೇ ಅವನ ಶುಗರ್ ಇಳಿದುಹೋಯ್ತು, ಹಿಮ್ಮಡಿ ಚುಚ್ಚಿ ಚುಚ್ಚಿ ರಕ್ತ ನೋಡಿದ್ರು. ಎಲ್ರೂ ಎಷ್ಟು ಪುಷ್ಟಿಯಾಗಿದೆ ಮಗು ಅಂತಿದ್ರು, ನಾನು ಅಳ್ತಿದ್ದೆ.

ಕುತೂಹಲಿ
ಡೆನ್ಮಾರ್ಕ್‌ನ ಪೆಡರ್ಸನ್ ಅನ್ನೋ ವೈದ್ಯರು 1950ರ ದಶಕದಲ್ಲೇ ಇದನ್ನ ವಿವರಿಸಿದ್ರು. ತಾಯಿ ರಕ್ತದ ಸಕ್ಕರೆ ಪ್ಲಾಸೆಂಟಾ ದಾಟಿ ಮಗೂಗೆ ಹೋಗುತ್ತೆ, ತಾಯಿ ಇನ್ಸುಲಿನ್ ದಾಟಲ್ಲ. ಹಂಗಾಗಿ ಮಗು ತಾನೇ ಇನ್ಸುಲಿನ್ ಜಾಸ್ತಿ ಮಾಡುತ್ತೆ, ಅದು ಬೆಳವಣಿಗೆಯ ಹಾರ್ಮೋನ್ ಥರ ಕೆಲಸ ಮಾಡಿ ಕೊಬ್ಬು ತುಂಬ್ಸುತ್ತೆ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡ್ಲೇ ಸಕ್ಕರೆ ಬರೋದು ನಿಲ್ಲುತ್ತೆ ಆದ್ರೆ ಇನ್ಸುಲಿನ್ ಹಂಗೇ ಇರುತ್ತೆ, ಅದಕ್ಕೇ ಶುಗರ್ ಬೀಳೋದು. ತಾಯಿಗೆ ಮೊದಲನೇ ಸಲ ಇಲ್ಲದ ಶುಗರ್ ಎರಡನೇ ಸಲ ಬರಬಹುದು, ವಯಸ್ಸು ತೂಕ ಎರಡೂ ಏರಿರುತ್ತಲ್ಲ. ಅಣ್ಣ ತಮ್ಮಂದಿರ ಮಧ್ಯೆ ಒಂದು ಕೆಜಿ ವ್ಯತ್ಯಾಸ ಬರೋ ಮನೆಗಳಲ್ಲಿ ಇದನ್ನೂ ಕೇಳ್ಬೇಕು. ಎರಡುಜಡೆ ಅವರೇ, ನಿಮಗೆ ಟೆಸ್ಟ್ ಮಾಡಿದ್ರಾ?

ಎರಡುಜಡೆ
ಮಾಡಿದ್ರು, ನಾರ್ಮಲ್ ಇತ್ತು. ಬಿಪಿಗೆ ಅಂತ ಶುರುವಿಂದಾನೇ ರಾತ್ರಿ ಒಂದು ಸಣ್ಣ ಮಾತ್ರೆ ಕೊಟ್ಟಿದ್ರು, ಈ ಸಲ ಬಿಪಿ ಏರಲೇ ಇಲ್ಲ.

ನೈಟ್‌ಡ್ಯೂಟಿ
ಕಡಿಮೆ ಡೋಸ್ ಆಸ್ಪಿರಿನ್ ಇರ್ಬೇಕು. ಮೊದಲನೇ ಸಲ ಪ್ರಿಎಕ್ಲಾಂಪ್ಸಿಯಾ ಆಗಿದ್ದವರಿಗೆ 12 ವಾರ ಆದ್ಮೇಲೆ, 16 ವಾರದೊಳಗೇ ಶುರು ಮಾಡ್ತಾರೆ. ಓದ್ತಿರೋ ಬೇರೆಯವರು ದಯವಿಟ್ಟು ಸ್ವಂತವಾಗಿ ತಗೋಬೇಡಿ, ಡಾಕ್ಟರ್ ಹೇಳಿದ್ರೆ ಮಾತ್ರ.

ದೊಡ್ಡಪ್ಪ
ಅಪ್ಪನ ಪಾಲು ಏನೂ ಇಲ್ವಾ ಇದರಲ್ಲಿ? ನಮ್ಮ ವಂಶದಲ್ಲಿ ಎಲ್ರೂ ಎತ್ತರ, ಆಳು ದಪ್ಪ. ನನ್ನ ಮಕ್ಕಳು ಹುಟ್ಟಿದಾಗ ಮಾತ್ರ ಇಬ್ಬರೂ ಸಣ್ಣವೇ.

ಹೊಂಗೆನೆರಳು
ಇದೆ, ಆದ್ರೆ ಹುಟ್ಟುವಾಗ ಅಮ್ಮನ ಮೈಕಟ್ಟಿನ ಮಾತೇ ಜಾಸ್ತಿ ನಡೆಯುತ್ತೆ. 1938ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಅನ್ನೋ ಇಬ್ಬರು ವಿಜ್ಞಾನಿಗಳು ದೈತ್ಯ ಶೈರ್ ಕುದುರೆ ಮತ್ತು ಕುಳ್ಳ ಶೆಟ್ಲೆಂಡ್ ಕುದುರೆಗಳನ್ನ ಎರಡೂ ಕಡೆಯಿಂದ ಕೂಡಿಸಿ ನೋಡಿದ್ರು. ತಾಯಿ ಶೈರ್ ಆದಾಗ ಮರಿ ದೊಡ್ಡದು, ತಾಯಿ ಶೆಟ್ಲೆಂಡ್ ಆದಾಗ ಮರಿ ತುಂಬಾ ಸಣ್ಣದು, ಮಿಶ್ರತಳಿ ಎರಡರಲ್ಲೂ ಅದೇ ಆದ್ರೂನೂ. ಗರ್ಭಕೋಶ ಹೊರಬಹುದಾದಷ್ಟಕ್ಕೆ ಬೆಳವಣಿಗೆಯನ್ನ ತಡೆಹಿಡಿಯುತ್ತೆ. ಅಪ್ಪನ ಎತ್ತರ ನಿಧಾನಕ್ಕೆ, ಹುಟ್ಟಿದ್ಮೇಲೆ ಕಾಣ್ಸುತ್ತೆ.

ಕುತೂಹಲಿ
ಜೊತೆಗೆ ಐಜಿಎಫ್2 ಅಂತ ಒಂದು ಜೀನ್ ಇದೆ, ಭ್ರೂಣದ ಬೆಳವಣಿಗೆಗೆ ತುಂಬಾ ಮುಖ್ಯ. ಅದರಲ್ಲಿ ಅಪ್ಪನಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತೆ, ಅಮ್ಮನಿಂದ ಬಂದಿದ್ದು ಮೌನ. ಹಂಗಾಗಿ ಅಪ್ಪನ ಪಾಲು ಇಲ್ಲ ಅನ್ನೋದೂ ತಪ್ಪು. ಇನ್ನು ಒಡಹುಟ್ಟಿದವರಲ್ಲಿ ಹಂಚಿಕೆಯಾಗೋ ವಂಶವಾಹಿ ಸರಾಸರಿ ಅರ್ಧ ಮಾತ್ರ, ಒಂದೇ ಅಪ್ಪ ಅಮ್ಮ ಅಂದಾಕ್ಷಣ ಒಂದೇ ಮಗು ಎರಡು ಸಲ ಹುಟ್ಟಲ್ಲ.

ಮುಂಗಾರು
ಅಪ್ಪನ ಪಾಲು ಅಂದಾಗ ನೆನಪಾಯ್ತು, ಸಿಗರೇಟ್? ನಮ್ಮ ಭಾವ ಮನೆ ಒಳಗೇ ಸೇದ್ತಾನೆ, ಅಕ್ಕ ಈಗ ಬಸುರಿ.

ನೈಟ್‌ಡ್ಯೂಟಿ
ತಾಯಿ ಸೇದಿದ್ರೆ ಸರಾಸರಿ 200 ಗ್ರಾಂ ಆಸುಪಾಸು ಕಮ್ಮಿ ಆಗುತ್ತೆ, ಪಕ್ಕದಲ್ಲಿ ಬೇರೆಯವರು ಸೇದಿದ ಹೊಗೆಯಿಂದಾನೂ ಸ್ವಲ್ಪ ಆಗುತ್ತೆ. ಭಾವನಿಗೆ ಹೊರಗೆ ಹೋಗು ಅಂತಲ್ಲ, ಬಿಡು ಅಂತಲೇ ಹೇಳಿ.

ಲೆಕ್ಕದಮೇಷ್ಟ್ರು
ಇಲ್ಲೇ ಒಡಹುಟ್ಟಿದವರನ್ನ ಹೋಲಿಸೋದು ಉಪಯೋಗಕ್ಕೆ ಬರೋದು. ಸೇದೋ ತಾಯಂದಿರು ಬಡವರಿರಬಹುದು, ಬೇರೆ ಕಾಯಿಲೆ ಇರಬಹುದು, ಹಂಗಾಗಿ ಕಾರಣ ಸಿಗರೇಟೋ ಬಡತನವೋ ಅಂತ ಗೊತ್ತಾಗಲ್ಲ. ಅದಕ್ಕೆ ಒಂದು ಬಸಿರಲ್ಲಿ ಸೇದಿ ಇನ್ನೊಂದರಲ್ಲಿ ಬಿಟ್ಟ ತಾಯಂದಿರನ್ನ ಹುಡುಕಿ ಅವರ ಎರಡು ಮಕ್ಕಳನ್ನೇ ಹೋಲಿಸ್ತಾರೆ. ವ್ಯತ್ಯಾಸ ಸ್ವಲ್ಪ ಕಮ್ಮಿ ಆಗುತ್ತೆ ಆದ್ರೆ ಅಳಿಸಿಹೋಗಲ್ಲ. ಅಂದ್ರೆ ಸಿಗರೇಟೇ ಕಾರಣ ಅಂತ ಧೈರ್ಯವಾಗಿ ಹೇಳಬಹುದು.

ಬೆಳ್ಳಕ್ಕಿ
ವಿಷಯ ಸ್ವಲ್ಪ ಆಚೆ ಹೋಗ್ತೀನಿ ಸಾರಿ. ಸ್ಕ್ಯಾನ್‌ನಲ್ಲಿ 3.4 ಅಂದಿದ್ರು, ಹುಟ್ಟಿದ್ಮೇಲೆ ತೂಗಿದ್ರೆ 2.9. ಮೂರನೇ ದಿನ ತೂಗಿದ್ರೆ 2.7! ಎಲ್ರೂ ಹಾಲು ಸಾಲ್ತಿಲ್ಲ ಅಂತ ನನ್ನ ಮೇಲೆ ಬಿದ್ರು.

ನೈಟ್‌ಡ್ಯೂಟಿ
ಸ್ಕ್ಯಾನ್ ತೂಗಲ್ಲ, ತಲೆ ಹೊಟ್ಟೆ ತೊಡೆಮೂಳೆ ಅಳೆದು ಲೆಕ್ಕ ಹಾಕುತ್ತೆ ಅಷ್ಟೆ. 10, 15 ಶೇಕಡಾ ಆಚೀಚೆ ಆಗೋದು ಮಾಮೂಲು. ಹುಟ್ಟಿದ ಮೊದಲ ದಿನಗಳಲ್ಲಿ ಮಗು ತೂಕದಲ್ಲಿ 7ರಿಂದ 10 ಶೇಕಡಾ ಇಳಿಯೋದೂ ಸಹಜ, ಹೆಚ್ಚಿನ ಮಕ್ಕಳು 10ರಿಂದ 14 ದಿನದೊಳಗೆ ವಾಪಸ್ ಬರ್ತವೆ. ನಿಮ್ಮದು 7 ಶೇಕಡಾ ಹತ್ರ ಆಗುತ್ತೆ, ಗಾಬರಿ ಪಡೋ ಅಗತ್ಯ ಇರ್ಲಿಲ್ಲ. ತೂಗೋ ರೀತಿನೂ ನೋಡ್ಬೇಕು, ತಕ್ಕಡಿ ಮೇಲೆ ಬಟ್ಟೆ ಹಾಸಿ ಸೊನ್ನೆ ಮಾಡ್ಕೊಂಡು ಆಮೇಲೆ ಬರೀ ಮೈಯಲ್ಲಿ ಮಲಗಿಸ್ಬೇಕು. ಅವಸರದಲ್ಲಿ ಒದ್ದೆ ಟವೆಲ್ ಸಮೇತ ತೂಗಿ ಬರೆದ ಅಂಕಿ ನಾನೇ ಎಷ್ಟೋ ಸಲ ಮತ್ತೆ ತೂಗ್ಸಿ ತಿದ್ಸಿದೀನಿ.

ದೂರದಬೆಟ್ಟ
ಒಂದ ಕೇಳ್ತೀನ್ರಿ, 2.3 ಹುಟ್ಟಿದ ಕೂಸು ಮುಂದ ಹಂಗ ಸಣ್ಣ ಉಳೀತದೇನು? ಅಕ್ಕಗ ಅದs ಚಿಂತಿ.

ಕುತೂಹಲಿ
ಹೊಟ್ಟೇಲಿ ಬೆಳವಣಿಗೆ ಕಮ್ಮಿಯಾಗಿ ಹುಟ್ಟಿದ ಹತ್ತು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂಬತ್ತು ಮಕ್ಕಳು 2 ವರ್ಷದೊಳಗೆ ಬೆಳೆದು ಉಳಿದವರ ಸಾಲಿಗೆ ಬರ್ತವೆ. ಆದ್ರೆ ಬೇಗ ದಪ್ಪ ಆಗ್ಲಿ ಅಂತ ತುರುಕೋದು ಬೇಡ. 1989ರಲ್ಲಿ ಬಾರ್ಕರ್ ಮತ್ತು ಸಂಗಡಿಗರು ಹುಟ್ಟಿದಾಗ ತೂಕ ಕಮ್ಮಿ ಇದ್ದ ಗಂಡಸರಲ್ಲಿ ಮುಂದೆ ಹೃದಯದ ಕಾಯಿಲೆಯಿಂದ ಸಾವು ಜಾಸ್ತಿ ಅಂತ ತೋರ್ಸಿದ್ರು, ಸಣ್ಣದಾಗಿ ಹುಟ್ಟಿ ಆಮೇಲೆ ಬೊಜ್ಜು ಬಂದವರಿಗೆ ಅಪಾಯ ಇನ್ನೂ ಜಾಸ್ತಿ. ಎದೆಹಾಲು, ಆಮೇಲೆ ಮನೆ ಊಟ, ಹೊತ್ತಿಗೆ ಲಸಿಕೆ, ತೂಕದ ಚಾರ್ಟ್‌ನಲ್ಲಿ ಗೆರೆ ಮೇಲಕ್ಕೆ ಹೋಗ್ತಿದ್ರೆ ಸಾಕು.

ದೂರದಬೆಟ್ಟ
ಭಾಳ ಉಪಕಾರ ಆತ್ರಿ. ಅಕ್ಕಗ ಫೋನ್ ಹಚ್ಚಿ ಹೇಳ್ತೀನಿ, ಭಾವಗೂ ಹೇಳ್ತೀನಿ.

ಹೊಸಬಸಿರು
ನಾನೀಗ ಎರಡನೇ ಸಲ, 20 ವಾರ. ಮೊದಲನೇದು 2.4 ಕೆಜಿ ಇತ್ತು, ಯಾಕೆ ಅಂತ ಯಾರೂ ಹೇಳ್ಲೂ ಇಲ್ಲ ನಾನು ಕೇಳ್ಲೂ ಇಲ್ಲ. ಮುಂದಿನ ಚೆಕಪ್‌ಗೆ ಹೋದಾಗ ಏನು ಕೇಳ್ಬೇಕು?

ನೈಟ್‌ಡ್ಯೂಟಿ
ಮೊದಲನೇ ಹೆರಿಗೆಯ ಡಿಸ್ಚಾರ್ಜ್ ಕಾಗದ ಹುಡುಕಿ ತಗೊಂಡು ಹೋಗಿ. ಅದರಲ್ಲಿ ಎಷ್ಟು ವಾರ, ತೂಕ, ತಲೆ ಸುತ್ತಳತೆ, ನಿಮ್ಮ ಬಿಪಿ ಬರ್ದಿರ್ತಾರೆ. ಕಾಗದ ಕಳ್ದಿದ್ರೆ ಆಸ್ಪತ್ರೆಯ ರೆಕಾರ್ಡ್ ಕೇಳಿ. ವಾರಕ್ಕೆ ತಕ್ಕಷ್ಟು ತೂಕ ಇತ್ತಾ ಇಲ್ವಾ ಅಂತ ಡಾಕ್ಟರ್‌ಗೆ ನೇರವಾಗಿ ಕೇಳಿ, ಇರ್ಲಿಲ್ಲ ಅಂದ್ರೆ ಈ ಸಲ ಬೆಳವಣಿಗೆಯ ಸ್ಕ್ಯಾನ್ ಯಾವಾಗ ಯಾವಾಗ ಅಂತ ಕೇಳಿ. ಹಿಮೋಗ್ಲೋಬಿನ್, ಶುಗರ್, ಬಿಪಿ ಮೂರೂ ಬಿಡ್ಬೇಡಿ. 28 ವಾರ ಆದ್ಮೇಲೆ ಮಗು ಒದೆಯೋದು ಕಮ್ಮಿ ಆಯ್ತು ಅನ್ಸಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗ್ಲೇ ಹೋಗಿ.

ಹೊಸಬಸಿರು
ಕಾಗದ ಬೀರುವಲ್ಲೇ ಇತ್ತು, ಈಗ ತೆಗೆದು ನೋಡ್ದೆ. 36 ವಾರ 4 ದಿನ ಅಂತಿದೆ.

ನೈಟ್‌ಡ್ಯೂಟಿ
ಹಂಗಾದ್ರೆ ಆ ವಾರಕ್ಕೆ ಅದು ಸಣ್ಣ ಮಗು ಅಲ್ಲ, ಬೇಗ ಬಂದ ಮಗು. ಈ ಸಲ ಡಾಕ್ಟರ್ ಹತ್ರ ಕೇಳ್ಬೇಕಾದ್ದು ಯಾಕೆ ಬೇಗ ಬಂತು ಅನ್ನೋದನ್ನ.